ಮಗಳ ದುಡ್ಡು ಬೇರೆ, ನಿಮ್ಮ ದುಡ್ಡು ಬೇರೆ

ಪ್ರಶ್ನೆ: ಮೇಡಂ, ನನಗೆ 36 ವರ್ಷ, ಮಗಳಿಗೆ 8. ಎರಡು ವರ್ಷದಿಂದ ವಿಜಯನಗರದಲ್ಲಿ ಅಪ್ಪ-ಅಮ್ಮನ ಜೊತೆ ಇದ್ದೇನೆ. ಗಂಡ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ತಿಂಗಳಿಗೆ 1.9 ಲಕ್ಷ ಕೈಗೆ ಬರುತ್ತದೆ. ಮಗು ಹುಟ್ಟಿದ ಮೇಲೆ ನಾನು ಟೀಚರ್ ಕೆಲಸ ಬಿಟ್ಟೆ. ಈಗ ಮನೆಯಲ್ಲೇ ಟ್ಯೂಷನ್ ಮಾಡಿ 12 ಸಾವಿರ ದುಡಿಯುತ್ತೇನೆ. ಕನಕಪುರ ರಸ್ತೆಯ ಫ್ಲ್ಯಾಟ್ ಇಬ್ಬರ ಹೆಸರಲ್ಲೂ ಇದೆ, 38 ಲಕ್ಷ ಸಾಲ ಬಾಕಿ ಇದೆ. ಕೊಳ್ಳುವಾಗ ನಮ್ಮಪ್ಪ 6 ಲಕ್ಷ ಕೊಟ್ಟಿದ್ದರು. ಪರಸ್ಪರ ಒಪ್ಪಿಗೆಯಿಂದ ಡಿವೋರ್ಸ್ ಮಾಡಿಕೊಳ್ಳೋಣ, ಮಗಳದ್ದೂ ಸೇರಿ ಒಟ್ಟು 25 ಲಕ್ಷ ಕೊಡುತ್ತೇನೆ, ಫ್ಲ್ಯಾಟಿನ ಹಕ್ಕು ಬಿಟ್ಟುಕೊಡು, ತಿಂಗಳ ಕೊನೆಯೊಳಗೆ ಸಹಿ ಹಾಕು ಅಂತಿದ್ದಾರೆ. ಮಗಳ ಶಾಲೆ ಫೀಸು ವರ್ಷಕ್ಕೆ 1.44 ಲಕ್ಷ, ವ್ಯಾನಿಗೆ ತಿಂಗಳಿಗೆ 3 ಸಾವಿರ. ನನಗೆ ಜಗಳ ಬೇಡವಾಗಿದೆ. ಒಪ್ಪಿಕೊಳ್ಳಲೇ?

ಉತ್ತರ: ಈ ತಿಂಗಳು ಯಾವುದಕ್ಕೂ ಸಹಿ ಹಾಕಬೇಡಿ. ಡಿವೋರ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ, ಕೋರ್ಟಿನಲ್ಲಿ ಕಾದಾಡಿ ಅಂತಲೂ ಹೇಳುತ್ತಿಲ್ಲ. ಒಪ್ಪಿಗೆಯಿಂದ ಮುಗಿಯುವುದಾದರೆ ನಿಮಗೂ ಮಗುವಿಗೂ ಅದೇ ಒಳ್ಳೆಯದು. ಆದರೆ ಆ 25 ಲಕ್ಷ ಎಲ್ಲಿಂದ ಬಂದ ಲೆಕ್ಕ ಅಂತ ಅವರನ್ನು ಕೇಳಿದ್ದೀರಾ? ಕೇಳಿರಲಾರಿರಿ. ನನ್ನ ಅನುಭವದಲ್ಲಿ ಇಂಥ ದುಂಡು ಮೊತ್ತದ ಹಿಂದೆ ಯಾವ ಲೆಕ್ಕವೂ ಇರುವುದಿಲ್ಲ. ‘ಇಷ್ಟು ಕೊಟ್ಟರೆ ಮುಗಿಯುತ್ತದೆ’ ಎಂಬ ಅಂದಾಜು ಮಾತ್ರ ಇರುತ್ತದೆ.

ನಿಮ್ಮದು ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆ ಎಂದುಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ‘ಮಗಳದ್ದೂ ಸೇರಿ’ ಎಂಬುದು. ಎಡವಟ್ಟು ಇರುವುದೇ ಅಲ್ಲಿ. ಹೆಂಡತಿಗೆ ಕೊಡುವ ಜೀವನಾಂಶ ಬೇರೆ, ಮಗುವಿನ ಪಾಲನೆಯ ಖರ್ಚು ಬೇರೆ. ಮೊದಲನೆಯದರಲ್ಲಿ ನೀವು ಚೌಕಾಶಿ ಮಾಡಬಹುದು, ಕಡಿಮೆಗೆ ಒಪ್ಪಬಹುದು, ಬೇಡ ಅಂತಲೂ ಹೇಳಬಹುದು. ಎರಡನೆಯದು ನಿಮ್ಮ ಆಸ್ತಿಯಲ್ಲ. ಅದು ಮಗಳ ಹಕ್ಕು. ಅವಳ ಪರವಾಗಿ ನೀವು ಅದನ್ನು ಬಿಟ್ಟುಕೊಡುವಂತಿಲ್ಲ. ‘ಮುಂದೆ ಮಗುವಿಗಾಗಿ ಏನೂ ಕೇಳುವುದಿಲ್ಲ’ ಅಂತ ನೀವು ಬರೆದುಕೊಟ್ಟರೂ ಮಗಳ ಹಕ್ಕು ಹೋಗುವುದಿಲ್ಲ. ಆದರೆ ಆಮೇಲೆ ಅದನ್ನು ಪಡೆಯಲು ಮತ್ತೆ ಕೋರ್ಟಿಗೆ ಅಲೆಯಬೇಕು. ಅಷ್ಟರಲ್ಲಿ ಮಗು ಹೈಸ್ಕೂಲಿಗೆ ಬಂದಿರುತ್ತಾಳೆ.

ಬನ್ನಿ, ಮಗಳ ಲೆಕ್ಕವನ್ನು ಮೊದಲು ಹಾಕೋಣ. ಶಾಲೆ ಫೀಸು ತಿಂಗಳ ಲೆಕ್ಕದಲ್ಲಿ 12 ಸಾವಿರ. ವ್ಯಾನು 3 ಸಾವಿರ. ಇವೆರಡು ನೀವೇ ಬರೆದವು. ಉಳಿದದ್ದು ನನ್ನ ಅಂದಾಜು, ನಿಮ್ಮ ಬಿಲ್ಲು ನೋಡಿ ತಿದ್ದಿಕೊಳ್ಳಿ. ಪುಸ್ತಕ, ಯೂನಿಫಾರಂ 1,250. ಡಾನ್ಸ್ ಕ್ಲಾಸೋ ಸಂಗೀತವೋ ಏನಾದರೊಂದು 2 ಸಾವಿರ. ಊಟ, ಹಾಲು, ಹಣ್ಣು 6 ಸಾವಿರ. ಡಾಕ್ಟರು, ಔಷಧಿ 1,500. ಬಟ್ಟೆ, ಶೂ 1,500. ಹುಟ್ಟುಹಬ್ಬ, ಗೆಳತಿಯರಿಗೆ ಗಿಫ್ಟು, ಎಲ್ಲಾದರೂ ಹೊರಗೆ ಹೋಗುವುದು 1,500. ಒಟ್ಟು 28,750 ರೂಪಾಯಿ. ಅಪ್ಪನ ಮನೆಯಲ್ಲಿದ್ದೀರಿ ಅಂತ ಬಾಡಿಗೆಯನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಮಗಳಿಗೆ 18 ತುಂಬಲು ಇನ್ನೂ 10 ವರ್ಷ. ಒಂದು ರೂಪಾಯಿಯೂ ಏರದಿದ್ದರೆ 10 ವರ್ಷಕ್ಕೆ 34.5 ಲಕ್ಷ. ಅದರಲ್ಲಿ ಮೂರನೇ ಎರಡು ಪಾಲು ಮಾತ್ರ ತಂದೆಯದು ಎಂದರೂ 23 ಲಕ್ಷ. ಹಾಗಾದರೆ ನಿಮ್ಮ ಪಾಲಿಗೆ ಉಳಿಯುವುದು 2 ಲಕ್ಷ. ಕೆಲಸ ಬಿಟ್ಟು ಮಗುವನ್ನು ಬೆಳೆಸಿದ ವರ್ಷಗಳಿಗೆ, ಮುಂದಿನ ಬದುಕಿಗೆ, ಫ್ಲ್ಯಾಟಿನ ಹಕ್ಕಿಗೆ, ನಿಮ್ಮಪ್ಪ ಕೊಟ್ಟ 6 ಲಕ್ಷಕ್ಕೆ, ಎಲ್ಲಕ್ಕೂ ಸೇರಿ 2 ಲಕ್ಷ!

ಇನ್ನು ಫೀಸು ಏರದೇ ಇರುತ್ತದೆಯೇ? ಬೆಂಗಳೂರಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ಯಾರನ್ನಾದರೂ ಕೇಳಿ. ವರ್ಷಕ್ಕೆ 10% ಏರಿದರೆ ಏಳು ವರ್ಷದಲ್ಲಿ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಮಗಳು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಈಗಿನ 1.44 ಲಕ್ಷ 2.8 ಲಕ್ಷವಾಗಿರುತ್ತದೆ. ಅವಳಿಗೆ 18 ತುಂಬುವುದು ಪಿಯುಸಿ ಮುಗಿಯುವ ಹೊತ್ತಿಗೆ. ದೊಡ್ಡ ಖರ್ಚು ಶುರುವಾಗುವುದೇ ಆಗ, ಅಲ್ವಾ? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ, ಸ್ವಂತ ಆದಾಯವಿಲ್ಲದ ಮದುವೆಯಾಗದ ಮಗಳಿಗೆ 18ರ ಆಚೆಗೂ ತಂದೆಯಿಂದ ಜೀವನಾಂಶ ಕೇಳುವ ಹಕ್ಕಿದೆ. ಡಿಗ್ರಿಯ ಖರ್ಚು ಯಾರದು ಎಂಬುದನ್ನು ಈಗಲೇ ಒಪ್ಪಂದದಲ್ಲಿ ಬರೆಸಿ. ಮುಂದೆ ಮಗಳೇ ಅಪ್ಪನ ವಿರುದ್ಧ ಅರ್ಜಿ ಹಾಕುವ ಪರಿಸ್ಥಿತಿ ಬರಬಾರದು. ಅಂಥ ಹುಡುಗಿಯರನ್ನು ಕೋರ್ಟ್ ಹಾಲಿನಲ್ಲಿ ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ.

ಇಲ್ಲಿ ಒಂದು ಘಟನೆ ಹೇಳಬೇಕು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳೂ ಇವೆ, ಗಂಡ-ಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಮಾತುಕತೆ ನಡೆಸುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಇದೆ. ಅಲ್ಲಿ ಒಮ್ಮೆ ನನ್ನ ಕಕ್ಷಿದಾರಳೊಬ್ಬಳು ಮಗನ ಹಳೇ ರಫ್ ನೋಟ್‌ಬುಕ್ ತಂದಿದ್ದಳು. ಹಿಂದಿನ ಹಾಳೆಗಳಲ್ಲಿ ಮೂರು ತಿಂಗಳ ಖರ್ಚು ಬರೆದಿದ್ದಳು, ಪೆನ್ಸಿಲ್ ಬಾಕ್ಸಿನಿಂದ ಹಿಡಿದು. ಅದುವರೆಗೆ ಮೂರು ಸಿಟಿಂಗು ಆಗಿತ್ತು, ಮೂರರಲ್ಲೂ ಬರೀ ಕೂಗಾಟ. ಅವತ್ತು ಮಧ್ಯಸ್ಥಗಾರರು ಆ ನೋಟ್‌ಬುಕ್ಕನ್ನು ಗಂಡನ ಮುಂದೆ ಇಟ್ಟರು. ಆತ ಹಾಳೆ ತಿರುಗಿಸುತ್ತಾ ಹೋದ. ಒಂದು ಕಡೆ ನಿಂತು, ‘ಶೂ ಒಂದೇ ಜೊತೆ ಬರೆದಿದ್ದೀಯ, ಪಿ.ಟಿ. ದಿನಕ್ಕೆ ಬಿಳಿ ಶೂ ಬೇರೆ ಬೇಕಲ್ಲ’ ಎಂದ. ಕೋಣೆ ತಣ್ಣಗಾಯಿತು. ಮಗುವಿನ ಮೊತ್ತ ಅವತ್ತೇ ತೀರ್ಮಾನವಾಯಿತು. ಹೆಂಡತಿಗೆ ಕೊಡಬೇಕು ಎಂದಾಗ ಹಟ ಹಿಡಿಯುವ ಗಂಡಸು ಮಗುವಿನ ಶೂಗೆ ಹಟ ಹಿಡಿಯುವುದು ಕಡಿಮೆ. ಎರಡನ್ನೂ ಬೇರೆ ಮಾಡಿ ಮಾತಾಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಫ್ಲ್ಯಾಟಿನ ವಿಷಯಕ್ಕೆ ಬರೋಣ. ಇಬ್ಬರ ಹೆಸರೂ ಕ್ರಯಪತ್ರದಲ್ಲಿದೆ ಅಂದಮಾತ್ರಕ್ಕೆ ಕಣ್ಣು ಮುಚ್ಚಿ ಸರಿ ಅರ್ಧ ಸಿಕ್ಕೇಬಿಡುತ್ತದೆ ಎಂದು ನಾನು ಹೇಳಲಾರೆ. ಯಾರು ಎಷ್ಟು ಕಟ್ಟಿದರು ಎಂಬ ವಾದ ಬರುತ್ತದೆ. ಆದರೆ ಸುಮ್ನೆ ಸಹಿ ಹಾಕಿ ಬಿಟ್ಟುಕೊಡುವ ಹಕ್ಕಂತೂ ಅದಲ್ಲ. ಇವತ್ತಿನ ಬೆಲೆ ತಿಳಿದುಕೊಳ್ಳಿ. ಉದಾಹರಣೆಗೆ 95 ಲಕ್ಷ ಅಂತಿಟ್ಟುಕೊಳ್ಳಿ. ಸಾಲ 38 ಲಕ್ಷ ಕಳೆದರೆ ಉಳಿಯುವುದು 57 ಲಕ್ಷ. ಅರ್ಧ ಎಂದರೆ 28.5 ಲಕ್ಷ. ಅವರು ಎಲ್ಲದಕ್ಕೂ ಸೇರಿಸಿ ಕೊಡುತ್ತೇನೆ ಎನ್ನುವ ಹಣಕ್ಕಿಂತ ಇದೇ ಜಾಸ್ತಿ! ಅಪ್ಪ ಕೊಟ್ಟ 6 ಲಕ್ಷ ಬ್ಯಾಂಕಿನ ಮೂಲಕ ಹೋಗಿದ್ದರೆ ಆ ತಿಂಗಳ ಸ್ಟೇಟ್‌ಮೆಂಟನ್ನು ಇವತ್ತೇ ತೆಗೆಸಿಡಿ. ಬ್ಯಾಂಕಿನವರು ಹಳೆಯದನ್ನು ಕೊಡಲು ಸತಾಯಿಸುತ್ತಾರೆ, ತಡ ಮಾಡಬೇಡಿ.

ಸಾಲದ ಬಗ್ಗೆ ಇನ್ನೂ ಎಚ್ಚರ ಬೇಕು. ಫ್ಲ್ಯಾಟನ್ನು ಅವರಿಗೇ ಬಿಟ್ಟುಕೊಟ್ಟರೂ ಸಾಲದ ಕಾಗದದಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ. ನಿಮ್ಮ ಡಿವೋರ್ಸ್ ಒಪ್ಪಂದಕ್ಕೆ ಬ್ಯಾಂಕು ಸಹಿ ಹಾಕಿರುವುದಿಲ್ಲ. ನಾಳೆ ಅವರು ಇಎಂಐ ನಿಲ್ಲಿಸಿದರೆ ಬ್ಯಾಂಕಿನ ಫೋನು ಬರುವುದು ನಿಮಗೂ. ಆದ್ದರಿಂದ ಮೊದಲು ಬ್ಯಾಂಕು ನಿಮ್ಮನ್ನು ಸಾಲದಿಂದ ಬಿಡುಗಡೆ ಮಾಡಿ ಪತ್ರ ಕೊಡಲಿ, ಆಮೇಲೆ ನೀವು ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕಿ. ಇಲ್ಲವೇ ಮಾರಿ ಹಂಚಿಕೊಳ್ಳಿ. ಒಂದು ವೇಳೆ ಫ್ಲ್ಯಾಟು ನಿಮಗೇ ಬರುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸವನ್ನು ಡಿಕ್ರಿಗೆ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶಕ್ಕೆ, ಮೊದಲೇ ಮುಗಿಸಿ. ಗಂಡ ಹೆಂಡತಿಗೆ ಮಾಡಿಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಡಿವೋರ್ಸ್ ಆದ ಮೇಲೆ ನೀವು ಹೆಂಡತಿಯಲ್ಲ.

ಮದುವೆಯಲ್ಲಿ ನಿಮಗೆ ಹಾಕಿದ ಒಡವೆ ನಿಮ್ಮದೇ. ಅದನ್ನು ಈ 25 ಲಕ್ಷದ ಲೆಕ್ಕಕ್ಕೆ ಸೇರಿಸಲು ಬಿಡಬೇಡಿ. ಅವರ ಮನೆಯಲ್ಲೋ ಲಾಕರಿನಲ್ಲೋ ಇದ್ದರೆ ಪಟ್ಟಿ ಮಾಡಿ ವಾಪಸು ಕೇಳಿ.

ಇನ್ನು ನಿಮ್ಮ ಸ್ವಂತ ಜೀವನಾಂಶ. ‘ಸಂಬಳದ 25% ಕೊಡಬೇಕಂತೆ ಅಲ್ವಾ’ ಅಂತ ಎಲ್ಲರೂ ಕೇಳುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಗಂಡನ ನಿವ್ವಳ ಸಂಬಳದ 25% ನ್ಯಾಯವಾದ ಮೊತ್ತ ಎಂದದ್ದು ನಿಜ. ಆದರೆ ಅದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ. ನಿಮ್ಮ ಲೆಕ್ಕದಲ್ಲಿ ಅದು 47,500 ಆಗುತ್ತದೆ. ಮಾತು ಶುರು ಮಾಡಲು ಒಂದು ಗುರುತು ಅಂತ ಇಟ್ಟುಕೊಳ್ಳಿ, ಅಷ್ಟೇ. ಮದುವೆ ಎಷ್ಟು ವರ್ಷದ್ದು, ಇಬ್ಬರ ವಯಸ್ಸು, ಓದು, ಆಸ್ತಿ, ಹೇಗೆ ಬದುಕುತ್ತಿದ್ದಿರಿ, ಮನೆಗಾಗಿ ಕೆಲಸ ಬಿಟ್ಟಿರಾ, ಅವರ ಮೇಲೆ ಯಾರು ಯಾರು ಅವಲಂಬಿಸಿದ್ದಾರೆ, ಇವೆಲ್ಲವನ್ನೂ ಕೋರ್ಟು ನೋಡುತ್ತದೆ.

ಇದಕ್ಕಿಂತ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು 2020ರ ನವೆಂಬರಿನಲ್ಲಿ ಬಂದ ರಜನೀಶ್ ವಿರುದ್ಧ ನೇಹಾ ತೀರ್ಪು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಮಾತುಕತೆಯಲ್ಲೂ ನೀವು ಇದನ್ನೇ ಕೇಳಿ: ‘ನಾನೂ ನನ್ನದನ್ನು ಬರೆದುಕೊಡುತ್ತೇನೆ, ನೀವೂ ನಿಮ್ಮದನ್ನು ಬರೆದುಕೊಡಿ.’ ಸಾಫ್ಟ್‌ವೇರ್‌ನವರ ಆದಾಯ ಸ್ಯಾಲರಿ ಸ್ಲಿಪ್ಪಿನಲ್ಲಿ ಪೂರ್ತಿ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಬರುವ ಬೋನಸ್ಸು, ಕಂಪನಿ ಕೊಡುವ ಷೇರು, ಪಿಎಫ್, ಗ್ರಾಚ್ಯುಟಿ ಬೇರೆ ಇರುತ್ತವೆ. ಕಂಪನಿ ಕೊಡುವ ಸಂಬಳ-ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16, ಮೂರು ವರ್ಷದ್ದು, ಮತ್ತು ಐಟಿ ರಿಟರ್ನ್ಸ್ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ನಿಮ್ಮ ಟ್ಯೂಷನ್ನಿನ 12 ಸಾವಿರವನ್ನು ಮುಚ್ಚಿಡಬೇಡಿ. ಯಾರಾದರೂ ‘ಆದಾಯ ಇಲ್ಲ ಅಂತ ಬರೆಯಿರಿ, ಜಾಸ್ತಿ ಸಿಗುತ್ತದೆ’ ಎಂದರೆ ಕೇಳಬೇಡಿ. ಮಕ್ಕಳ ತಾಯಂದಿರು ಗೂಗಲ್ ಪೇನಲ್ಲಿ ಕಳಿಸಿದ ದುಡ್ಡು ಸಾಕು, ಸುಳ್ಳು ಹೊರಬರುತ್ತದೆ. ಆಮೇಲೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ. 12 ಸಾವಿರ ದುಡಿಯುತ್ತಿದ್ದೀರಿ ಅಂತ ಜೀವನಾಂಶ ತಪ್ಪುವುದಿಲ್ಲ. ‘ಓದಿದ್ದಾಳೆ, ಟೀಚರ್ ಆಗಿದ್ದವಳು, ಬೇಕಾದರೆ ದುಡಿಯಲಿ’ ಎಂಬ ವಾದ ಬಂದೇ ಬರುತ್ತದೆ. ದುಡಿಯುವ ಶಕ್ತಿ ಇರುವುದು ಬೇರೆ, ನಿಜಕ್ಕೂ ದುಡಿಯುತ್ತಿರುವುದು ಬೇರೆ ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ನಮ್ಮ ಕರ್ನಾಟಕದ್ದೇ ಪ್ರಕರಣದಲ್ಲಿ. ಆದರೂ ಮತ್ತೆ ಶಾಲೆಗೆ ಸೇರುವ ಯೋಚನೆ ಮಾಡಿ. ಬಿ.ಎಡ್. ಮುಗಿಸಲೋ ಮತ್ತೆ ತರಬೇತಿ ಪಡೆಯಲೋ ಒಂದೆರಡು ವರ್ಷ ಬೇಕಿದ್ದರೆ ಆ ಖರ್ಚನ್ನೂ ಮೊತ್ತದಲ್ಲಿ ಕೇಳಿ. ಇದನ್ನು ಕೇಳುವವರು ಕಡಿಮೆ. ಕೇಳಿದರೆ ಎದುರಿನವರು ಒಪ್ಪುವುದೂ ಉಂಟು, ಏಕೆಂದರೆ ನೀವು ನಿಮ್ಮ ಕಾಲ ಮೇಲೆ ನಿಂತರೆ ಅವರಿಗೂ ನಿರಾಳ.

ಒಂದೇ ಗಂಟೋ, ತಿಂಗಳು ತಿಂಗಳೋ? ನನ್ನ ಅಭಿಪ್ರಾಯ ಹೀಗೆ: ನಿಮ್ಮದನ್ನು ಒಂದೇ ಗಂಟಾಗಿ ತೆಗೆದುಕೊಳ್ಳಿ, ಮಗಳದ್ದನ್ನು ತಿಂಗಳು ತಿಂಗಳು ಬರುವಂತೆ ಮಾಡಿ. ಗಂಟಾಗಿ ಬರುವ ಜೀವನಾಂಶಕ್ಕೆ ಸಾಮಾನ್ಯವಾಗಿ ಆದಾಯ ತೆರಿಗೆ ಇಲ್ಲ. ತಿಂಗಳಿಗೆ ಬರುವುದನ್ನು ನಿಮ್ಮ ಆದಾಯವೆಂದು ಹಿಡಿಯುತ್ತಾರೆ. ತಿಂಗಳ ಜೀವನಾಂಶವಾದರೆ ನೀವು ಮರುಮದುವೆಯಾದಾಗ ಅದನ್ನು ನಿಲ್ಲಿಸಿ ಅಂತ ಅವರು ಕೋರ್ಟಿಗೆ ಹೋಗಬಹುದು. ಜೊತೆಗೆ ಪ್ರತಿ ತಿಂಗಳೂ ಅವರ ಕೈ ನೋಡುವ ನೋವು ಬೇರೆ. ಮಗಳ ವಿಷಯ ಹಾಗಲ್ಲ. ಅವಳ ಖರ್ಚು ಏರುತ್ತಾ ಹೋಗುತ್ತದೆ, ಹಣವೂ ಏರುತ್ತಾ ಬರಬೇಕು. 25 ಲಕ್ಷವನ್ನು 7% ಬಡ್ಡಿಗೆ ಇಟ್ಟರೆ ಬರುವುದು ತಿಂಗಳಿಗೆ 14,500 ಚಿಲ್ಲರೆ. ಅದು ಇವತ್ತಿನ ಫೀಸಿಗೂ ವ್ಯಾನಿಗೂ ಸಾಲದು.

ಮಗಳ ಭಾಗವನ್ನು ಒಪ್ಪಂದದಲ್ಲಿ ಹೇಗೆ ಬರೆಸಬೇಕು ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ನೆಮ್ಮದಿ ನಿಂತಿದೆ. ಶಾಲೆ ಫೀಸನ್ನು ತಂದೆಯೇ ನೇರವಾಗಿ ಶಾಲೆಗೆ ಕಟ್ಟಲಿ, ಎಷ್ಟಾದರೂ. ಆಗ ಫೀಸು ಏರಿದಾಗಲೆಲ್ಲ ನೀವು ಕೇಳಬೇಕಾಗಿಲ್ಲ. ಉಳಿದ ಖರ್ಚಿಗೆ ಒಂದು ಮೊತ್ತ, ಪ್ರತಿ ತಿಂಗಳ 5ನೇ ತಾರೀಕಿನೊಳಗೆ, ಅವರ ಖಾತೆಯಿಂದ ತಾನಾಗೇ ನಿಮ್ಮ ಖಾತೆಗೆ ಬರುವಂತೆ. ಪ್ರತಿ ಏಪ್ರಿಲ್‌ನಲ್ಲಿ ಇಷ್ಟು ಶೇಕಡಾ ಏರಿಕೆ ಅಂತ ಅಂಕಿ ಬರೆಸಿ. ‘ಕಾಲಕಾಲಕ್ಕೆ ಹೆಚ್ಚಿಸಲಾಗುವುದು’ ಎಂದು ಬರೆದರೆ ಅದು ಬರೆಯದ ಹಾಗೇ. ಕಂಪನಿಯ ಆರೋಗ್ಯ ವಿಮೆಯಲ್ಲಿ ಮಗಳ ಹೆಸರು ಮುಂದುವರಿಯಲಿ, ಕೆಲಸ ಬಿಟ್ಟರೆ ಬೇರೆ ವಿಮೆ ಮಾಡಿಸಲಿ.

ಕೇಳಲು ಯಾರಿಗೂ ಬಾಯಿ ಬಾರದ ಇನ್ನೊಂದು ಮಾತಿದೆ. ತಂದೆಗೇ ಏನಾದರೂ ಆದರೆ? ತಿಂಗಳ ಹಣ ಅವತ್ತಿಗೆ ನಿಲ್ಲುತ್ತದೆ. ಅದಕ್ಕೇ ಅವರು ತಮ್ಮ ಜೀವದ ಮೇಲೆ, ಹಣ ಮಗಳಿಗೆ ಸೇರುವಂತೆ, ಒಂದು ಟರ್ಮ್ ಇನ್ಶೂರೆನ್ಸ್ ಮಾಡಿಸಲಿ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ ಆ ಹಣವನ್ನು ಸಾಲಗಾರರೂ ಮುಟ್ಟುವಂತಿಲ್ಲ, ಅದು ಮಗಳಿಗೇ ಸೇರುತ್ತದೆ. ಅವರ ವಯಸ್ಸಿಗೆ ಕಂತು ದೊಡ್ಡ ಹೊರೆಯಾಗುವುದಿಲ್ಲ. ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೀರಾ? ಮಗಳಿಗೆ 10 ತುಂಬುವ ಮೊದಲು ತೆರೆಯಬೇಕು, ಇನ್ನು ಎರಡು ವರ್ಷ ಇದೆ. ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದು. ತಂದೆ ಇಷ್ಟು ಕಟ್ಟಬೇಕು, ಪೋಷಕಿಯಾಗಿ ನಿಮ್ಮ ಹೆಸರು ಇರಬೇಕು ಅಂತ ಬರೆಸಿ.

ಹಣ ಕೈಗೆ ಬರುವ ಕ್ರಮವೂ ಮುಖ್ಯ. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಎಂಬ ನಿಯಮವಿದೆ. ನೀವು ಬೇರೆಯಾಗಿ ಎರಡು ವರ್ಷವಾಗಿದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಜೀವನಾಂಶ ಮತ್ತು ಮಗುವಿನ ವಿಷಯ ಪೂರ್ತಿ ಬಗೆಹರಿದಿದ್ದರೆ ಆ ಆರು ತಿಂಗಳನ್ನು ಬಿಡಿ ಅಂತ ಕೇಳಬಹುದು. ಏನೇ ಆಗಲಿ, ಸ್ವಲ್ಪ ಭಾಗ ಅರ್ಜಿ ಹಾಕುವ ದಿನ, ಉಳಿದದ್ದು ಪೂರ್ತಿ ನೀವಿಬ್ಬರೂ ಕೋರ್ಟಿನಲ್ಲಿ ಕೊನೆಯ ಹೇಳಿಕೆ ಕೊಡುವ ದಿನ, ಜಡ್ಜ್ ಎದುರಿಗೇ ಡಿಡಿ ರೂಪದಲ್ಲಿ. ‘ಡಿಕ್ರಿ ಆಗಲಿ, ಒಂದು ವರ್ಷದಲ್ಲಿ ಕೊಡುತ್ತೇನೆ’ ಎಂದರೆ ಒಪ್ಪಬೇಡಿ. ಕಂತು ಅನಿವಾರ್ಯವಾದರೆ ಅವರ ಆಸ್ತಿಯ ಮೇಲೆ ಆ ಮೊತ್ತದ ಹೊಣೆ ಇರಲಿ, ಅಂದರೆ ಕೊಡದಿದ್ದರೆ ಆ ಆಸ್ತಿಯಿಂದಲೇ ವಸೂಲಿ ಮಾಡುವಂತಿರಲಿ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ನಿನಲ್ಲೇ ಅದಕ್ಕೆ ದಾರಿ ಇದೆ. ಡಿಕ್ರಿ ಬರುವವರೆಗೂ ಒಪ್ಪಿಗೆಯನ್ನು ವಾಪಸು ತೆಗೆದುಕೊಳ್ಳುವ ಹಕ್ಕು ಇಬ್ಬರಿಗೂ ಇದೆ ಎಂಬುದು ನೆನಪಿರಲಿ.

ಮಗಳನ್ನು ನೋಡುವ ವಿಷಯವನ್ನು ದಯವಿಟ್ಟು ದುಡ್ಡಿಗೆ ಗಂಟು ಹಾಕಬೇಡಿ. ಹಣ ತಡವಾಯಿತು ಅಂತ ಭಾನುವಾರ ಮಗುವನ್ನು ಕಳಿಸದೇ ಇರುವುದು, ಮಗುವನ್ನು ಕಳಿಸಲಿಲ್ಲ ಅಂತ ಹಣ ನಿಲ್ಲಿಸುವುದು, ಎರಡೂ ತಪ್ಪು. ಮಧ್ಯೆ ನರಳುವುದು ಎಂಟು ವರ್ಷದ ಮಗು.

ಗಂಡನ ಕಡೆಯನ್ನೂ ಒಮ್ಮೆ ನೋಡಿ. 1.9 ಲಕ್ಷದಲ್ಲಿ ಫ್ಲ್ಯಾಟಿನ ಇಎಂಐ ಹೋಗುತ್ತದೆ. ವಯಸ್ಸಾದ ತಂದೆ-ತಾಯಿ ಇರಬಹುದು. ಅವರೂ ಬದುಕಬೇಕು. ಕೊಡಲಾಗದ ಮೊತ್ತಕ್ಕೆ ಸಹಿ ಹಾಕಿಸಿದರೆ ಎರಡನೇ ವರ್ಷಕ್ಕೇ ಬಾಕಿ ಬೀಳುತ್ತದೆ. ಆಮೇಲೆ ವಸೂಲಿಗೆ ಓಡಾಡುವವರು ನೀವೇ.

ಮಾತುಕತೆ ಮುರಿದುಬಿದ್ದರೆ ಭಯಪಡಬೇಡಿ. ಅವರು ಡಿವೋರ್ಸ್ ಕೇಸು ಹಾಕಿದರೆ ಅದೇ ಕೇಸಿನಲ್ಲಿ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನಡಿ ಮಧ್ಯಂತರ (ಕೇಸು ಮುಗಿಯುವವರೆಗಿನ) ಜೀವನಾಂಶ ಮತ್ತು ಕೋರ್ಟು ಖರ್ಚು ಕೇಳಬಹುದು. ಕೇಸು ಇಲ್ಲದಿದ್ದರೂ ಜೀವನಾಂಶ ಕೇಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಇದೆ, ಹಳೆಯ ಸಿಆರ್‌ಪಿಸಿಯಲ್ಲಿ 125 ಅನ್ನುತ್ತಿದ್ದುದು. ನೋಟಿಸು ತಲುಪಿದ 60 ದಿನದೊಳಗೆ ಮಧ್ಯಂತರ ಅರ್ಜಿ ತೀರ್ಮಾನವಾಗಬೇಕು ಅಂತ ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಜಾಸ್ತಿ ಸಮಯ ಹಿಡಿಯುತ್ತದೆ. ಆದರೆ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು ಅಂತ 2020ರ ತೀರ್ಪು ಹೇಳಿರುವುದರಿಂದ ತಡವಾದದ್ದು ಪೂರ್ತಿ ನಷ್ಟವಲ್ಲ. ವಕೀಲರ ಫೀಸಿಗೆ ಹೆದರಿ ಸಹಿ ಹಾಕುವುದಂತೂ ಬೇಡವೇ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯೂ ನ್ಯಾಯದೇಗುಲದಲ್ಲೇ ಇದೆ. ಆಧಾರ್ ಕಾರ್ಡು, ಮದುವೆಯ ದಾಖಲೆ, ಮಗಳ ಜನನ ಪ್ರಮಾಣಪತ್ರ ತೆಗೆದುಕೊಂಡು ಒಂದು ಬೆಳಿಗ್ಗೆ ಹೋಗಿ ಬನ್ನಿ.

ಅವರಿಗೆ ಈಗ ಏನು ಉತ್ತರ ಕೊಡುವುದು ಅಂತ ಯೋಚಿಸುತ್ತಿದ್ದೀರಿ. ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ. ವಾಟ್ಸ್ಯಾಪಿನಲ್ಲಿ ಇಷ್ಟು ಸಾಕು: ‘ಒಪ್ಪಿಗೆಯಿಂದ ಮುಗಿಸಲು ನಾನೂ ತಯಾರಿದ್ದೇನೆ. ಪುಟ್ಟಿಯ ಖರ್ಚಿನ ಪಟ್ಟಿ ಮಾಡುತ್ತಿದ್ದೇನೆ, ಮುಂದಿನ ವಾರ ಕಳಿಸುತ್ತೇನೆ. ನೀವೂ ನೋಡಿ, ಬಿಟ್ಟುಹೋದದ್ದಿದ್ದರೆ ಸೇರಿಸಿ. ಅವಳದ್ದು ಮೊದಲು ತೀರ್ಮಾನವಾಗಲಿ. ಆಮೇಲೆ ಫ್ಲ್ಯಾಟು, ನನ್ನ ವಿಷಯ ಕೂತು ಮಾತಾಡೋಣ.’